ಗರಾಜಿನಲ್ಲಿ ಗುರುವಾರದ ಊಟ

ಗಂಡ ಗುರುಲಿಂಗಪ್ಪ ಸತ್ತ ವರ್ಷ ನೀಲಮ್ಮನ ಮನೆಗೆ ಬಂದವರೆಲ್ಲ ಪದ್ಧತಿ ಹೇಳಿ ಹೋದರು. ಅವನು ಇದ್ದಾಗ ಆ ಮನೆಯಲ್ಲಿ ಯಾರೂ ಪದ್ಧತಿಯ ಮಾತೆತ್ತಿದ್ದಿಲ್ಲ. ಎತ್ತಿದರೆ ಅವನು, "ಮೊದಲ ಚಾ ಕುಡೀರಿ," ಎಂದು ಕಪ್ಪು ಮುಂದೆ ಇಡುತ್ತಿದ್ದ. ಚಾ ಮುಗಿಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು.

ಅವನು ಹೋದದ್ದು ೨೦೦೯ರ ಏಪ್ರಿಲ್‌ನಲ್ಲಿ. ಕೆಲಸ ಹೋದದ್ದು ಅದೇ ಜನವರಿಯಲ್ಲಿ. ಅಮೆರಿಕದ ಪ್ಲಿಮತ್ ಊರಿನ ಒಂದು ಶಾಪಿನಲ್ಲಿ, ಎಂದರೆ ಸಣ್ಣ ಕಾರ್ಖಾನೆಯಲ್ಲಿ, ಕಾರಿನ ಬಾಗಿಲ ತಗಡು ಒತ್ತುವ ಅಚ್ಚು ಮಾಡುವ ಕೆಲಸ. ಇಪ್ಪತ್ತಾರು ವರ್ಷ ಮಾಡಿದ್ದ. ಒಂದು ಸೋಮವಾರ ಹೋದರೆ ಬಾಗಿಲಿಗೆ ಸರಪಳಿ. ಅವನು ಅಳತೆ ನೋಡುವ ಕ್ಯಾಲಿಪರ್ ಒಳಗೇ ಉಳಿಯಿತು. ಅದು ಸ್ವಂತದ್ದು, ಹುಬ್ಬಳ್ಳಿಯಿಂದ ತಂದದ್ದು. ಅದೊಂದನ್ನು ಕೊಟ್ಟುಬಿಡಿ ಎಂದು ಮೂರು ಸಲ ಫೋನು ಮಾಡಿದ. ಕೊಡಲಿಲ್ಲ. ಡಾಕ್ಟರು ಹಾರ್ಟು ಎಂದರು. ನೀಲಮ್ಮ ಒಪ್ಪಲಿಲ್ಲ. ಕೊಂದದ್ದು ಆ ಸರಪಳಿ ಎಂದೇ ಹೇಳುತ್ತಾಳೆ.

ನೀಲಮ್ಮ ಓದಿದ್ದು ನಾಲ್ಕನೇ ಇಯತ್ತೆ, ಧಾರವಾಡದ ಹತ್ತಿರ ಒಂದು ಊರಿನಲ್ಲಿ. ಮಿಷಿಗನ್ನಿಗೆ ಬಂದದ್ದು ೧೯೭೯ರ ಚಳಿಯಲ್ಲಿ, ಎರಡು ವರ್ಷದ ನಿರಂಜನ್‌ನನ್ನು ಸೆರಗಿನಲ್ಲಿ ಸುತ್ತಿಕೊಂಡು. ಮೂವತ್ತು ವರ್ಷದಲ್ಲಿ ಇಂಗ್ಲಿಷು ಬೇಕಾದಷ್ಟು ಬಂದಿದೆ, ಅದಕ್ಕಿಂತ ಹೆಚ್ಚು ಬಂದಿಲ್ಲ. ಒಂದು ಶಾಲೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಪಾತ್ರೆ ತೊಳೆದಳು. ಕಾರು ಓಡಿಸುತ್ತಾಳೆ. ಹೆದ್ದಾರಿ, ಅವರ ಫ್ರೀವೇ, ಮಾತ್ರ ಹತ್ತುವುದಿಲ್ಲ. ಈಗ ಅವಳ ಮನೆಯಿರುವ ಕ್ಯಾಂಟನ್ ಊರಿನ ಡಾಕ್ಟರುಗಳ, ಇಂಜಿನಿಯರುಗಳ ಹೆಂಡಂದಿರ ನಡುವೆ ಹೋಗಿ ಕೂತರೆ ಅವರ ಮಾತು ಒಂದು ಗಳಿಗೆ ನಿಂತು, ಆಮೇಲೆ ಸಣ್ಣ ದನಿಯಲ್ಲಿ ಮುಂದುವರಿಯುತ್ತಿತ್ತು. ಅದು ಅವಳಿಗೆ ಗೊತ್ತು. ಗೊತ್ತಿದ್ದೂ ಹೋಗಿ ಕೂಡುತ್ತಿದ್ದಳು.

ಇಂಥವಳಿಗೆ ಆ ವರ್ಷ ಒಂದು ಕಟ್ಟಳೆ ಹಾಕಿದರು. ವರ್ಷ ತುಂಬುವ ತನಕ ಹಬ್ಬ ಇಲ್ಲ, ದೀಪ ಇಲ್ಲ, ನಾಲ್ಕು ಜನರನ್ನು ಕೂಡಿಸಿ ಊಟ ಹಾಕುವಂತಿಲ್ಲ.

ಅವಳು ಮೊದಮೊದಲು ಸುಮ್ಮನಿದ್ದಳು. ದೀಪಾವಳಿಗೆ ದೀಪ ಹಚ್ಚಲಿಲ್ಲ. ಅಕ್ಟೋಬರಿನ ಕೊನೆಗೆ ಓಣಿಯ ಹುಡುಗರು ಭೂತದ ವೇಷ ಹಾಕಿಕೊಂಡು ಚಾಕಲೇಟು ಕೇಳಲು ಬಂದಾಗ ಮುಂಬಾಗಿಲ ಲೈಟು ಆರಿಸಿ ಅಡುಗೆಮನೆಯಲ್ಲಿ ಕೂತಿದ್ದಳು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋದರೆ ಅಲ್ಲಿ ನಿರುಪಮಾ ಎಂಬಾಕೆ, ಡಾಕ್ಟರ ಹೆಂಡತಿ, ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ನೀಲಮ್ಮನ ಮುಂದಿನವಳಿಗೆ ಕೊಟ್ಟಳು, ಹಿಂದಿನವಳಿಗೆ ಕೊಟ್ಟಳು. ನಡುವೆ ಬಟ್ಟಲು ಮೇಲಕ್ಕೆ ಎದ್ದು, ನೀಲಮ್ಮನ ತಲೆ ದಾಟಿ ಹೋಯಿತು. "ಬಂದ್ರಲ್ಲ ಆಂಟಿ, ಒಳ್ಳೇದಾಯ್ತು. ಹಿಂದ್ಗಡೆ ಸಾಲಲ್ಲಿ ಆರಾಮಾಗಿ ಕೂತ್ಕೊಳಿ," ಎಂದಳು ನಿರುಪಮಾ.

ಲಿಂಗ ಕಟ್ಟಿಕೊಂಡವರಿಗೆ ಸೂತಕವೇ ಇಲ್ಲ ಎಂದು ನೀಲಮ್ಮನ ತಾಯಿ ಹೇಳುತ್ತಿದ್ದಳು. ಹೋಗಲಿ, ಪದ್ಧತಿ ಎಂದ ಮೇಲೆ ಎಲ್ಲದಕ್ಕೂ ಪದ್ಧತಿ ಇರಬೇಕು. ಅವರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಇಲ್ಲಿಯ ಸ್ಮಶಾನದವರು ಪೆಟ್ಟಿಗೆಯಲ್ಲಿ ಮಲಗಿಸಬೇಕು ಎಂದರು. ಮಗ ನಿರಂಜನ್ ಓಕೆ ಎಂದ. ಐದನೇ ದಿನದ ಕಾರ್ಯವನ್ನು ಶನಿವಾರಕ್ಕೆ ಹಾಕಿದರು, ವಾರದ ನಡುವೆ ಎಲ್ಲರಿಗೂ ಆಫೀಸು. ಆಗ ಯಾವ ಪದ್ಧತಿಯೂ ಯಾರಿಗೂ ನೆನಪಾಗಲಿಲ್ಲ. ಎಲ್ಲ ಪದ್ಧತಿ ಸೇರಿ ನೆನಪಾದದ್ದು ನೀಲಮ್ಮನ ಒಲೆಯ ಮುಂದೆ, ಅವಳ ಹಣೆಯ ಮುಂದೆ.

ಇದನ್ನೆಲ್ಲ ನುಂಗಿಕೊಂಡಳು. ಆದರೆ ನವೆಂಬರಿನ ಒಂದು ಗುರುವಾರ ಊರಿಗೆ ಊರೇ ಮಾಡುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟವನ್ನು ಬಿಡಲು ಅವಳು ತಯಾರಿರಲಿಲ್ಲ. ಅದು ಅವಳ ಗಂಡನ ಊಟ.

ಅದು ಶುರುವಾದದ್ದು ಒಂದು ಕೋಳಿಯಿಂದ. ೧೯೮೨ರಲ್ಲೂ ಹೀಗೇ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಗುರುಲಿಂಗಪ್ಪ ಎಂಟು ತಿಂಗಳು ಮನೆಯಲ್ಲಿದ್ದ. ಆಗ ಅವನ ಜೊತೆ ಕೆಲಸ ಮಾಡಿದ್ದ ಸ್ಟ್ಯಾನ್ ಎಂಬ ಬಿಳಿಯವನು ಹಬ್ಬದ ಹಿಂದಿನ ದಿನ ಬಂದು, ಆ ಹಬ್ಬಕ್ಕೆ ಎಲ್ಲರೂ ಬೇಯಿಸುವ ಟರ್ಕಿ ಕೋಳಿ, ಹದಿನೈದು ಪೌಂಡಿನದನ್ನು, ನೀಲಮ್ಮನ ಕೈಯಲ್ಲಿ ಇಟ್ಟು, ಮಾತಾಡದೆ ಹೊರಟುಹೋದ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳು. ಕೂಸನ್ನು ಹಿಡಿದ ಹಾಗೆ ಅದನ್ನು ಹಿಡಿದುಕೊಂಡು ನಿಂತಳು. ಕೆಳಗೆ ಇಡಲು ಜಾಗ ತಿಳಿಯಲಿಲ್ಲ. ಗಂಡ ಹೆಂಡತಿ ಇಬ್ಬರೂ ಅದರ ಮುಖ ನೋಡುತ್ತ ಕೂತರು. ಅದಕ್ಕೆ ಮುಖವೂ ಇರಲಿಲ್ಲ. ಕೊನೆಗೆ ಗುರುಲಿಂಗಪ್ಪ, "ಕೊಟ್ಟವನ ಮನಸ್ಸು ನೋಯಿಸಬಾರದು, ನಡಿ," ಎಂದು ಕೋಳಿಯನ್ನೂ ಒಂದು ಬುಟ್ಟಿ ರೊಟ್ಟಿಯನ್ನೂ ತೆಗೆದುಕೊಂಡು ಸ್ಟ್ಯಾನ್‌ನ ಮನೆಗೇ ಹೋದ. ಅವರು ಕೋಳಿ ತಿಂದರು. ಇವರು ರೊಟ್ಟಿ ತಿಂದರು. ಕೋಳಿ ತಿಂದವರು ರೊಟ್ಟಿಯನ್ನೂ ಖಾಲಿ ಮಾಡಿದರು.

ಮುಂದಿನ ವರ್ಷದಿಂದ ಊಟ ನೀಲಮ್ಮನ ಮನೆಯಲ್ಲಿ. ಶಾಪಿನಲ್ಲಿ ಮನೆಮಂದಿ ಇಲ್ಲದವರು, ಹೆಂಡತಿ ಬಿಟ್ಟುಹೋದವರು, ದೇಶ ಬಿಟ್ಟು ಬಂದವರು, ಅವರೆಲ್ಲ ಗುರುವಾರ ಮಧ್ಯಾಹ್ನ ಬರಬೇಕು. ಕೋಳಿ ಅವರೇ ತರಬೇಕು. ಅದು ಮನೆಯೊಳಗೆ ಬರುವಂತಿಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದಾಗ ಬಾಲ್ಕನಿಯಲ್ಲಿ ಇಡುತ್ತಿದ್ದರು. ಕ್ಯಾಂಟನ್ನಿನಲ್ಲಿ ಮನೆ ಕೊಂಡ ಮೇಲೆ ಕಾರು ನಿಲ್ಲಿಸುವ ಗರಾಜಿನಲ್ಲಿ ಒಂದು ಮಡಚುವ ಟೇಬಲ್ ಹಾಕಿ, ಹೀಟರ್ ಹಚ್ಚಿ, ಅಲ್ಲೇ ಕೊಯ್ದು ತಿಂದು, ಕೈ ತೊಳೆದುಕೊಂಡು ಒಳಗೆ ಬಂದು ರೊಟ್ಟಿಗೆ ಕೂಡುತ್ತಿದ್ದರು. ಕೋಳಿ ಗರಾಜಿನಲ್ಲಿ, ರೊಟ್ಟಿ ಮನೆಯಲ್ಲಿ. ಹೀಗೆ ಇಪ್ಪತ್ತಾರು ವರ್ಷ ನಡೆಯಿತು. ಬದರೀನಾಥ ಒಬ್ಬ ಮಾತ್ರ ಎರಡೂ ಕಡೆ ಹೊಟ್ಟೆ ತುಂಬ ತಿನ್ನುತ್ತಿದ್ದ. ಬೆಂಗಳೂರಿನವನು, ಮದುವೆ ಇಲ್ಲ, ಶಾಪಿನಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ. "ಬದರೀನಾಥ, ನಿನ್ನ ಜಾತಿ ಯಾವುದೋ?" ಎಂದು ಗುರುಲಿಂಗಪ್ಪ ರೇಗಿಸಿದರೆ, "ಗರಾಜಲ್ಲಿ ಒಂದು, ಒಳಗ್ಬಂದ್ರೆ ಒಂದು, ಅಣ್ಣಾ," ಎನ್ನುತ್ತಿದ್ದ.

ಮರುದಿನ ಶುಕ್ರವಾರ ಗುರುಲಿಂಗಪ್ಪ ಏಣಿ ಹಾಕಿ ಮನೆಯ ಮುಂದೆ ಕ್ರಿಸ್‌ಮಸ್ ಲೈಟು ಕಟ್ಟುತ್ತಿದ್ದ. "ಓಣಿಗೆಲ್ಲ ಬೆಳಕಿದ್ದಾಗ ನಮ್ಮದೊಂದು ಮನಿ ಯಾಕ ಕತ್ತಲಿರಬೇಕು?" ಎನ್ನುತ್ತಿದ್ದ.

ಆ ವರ್ಷ ನೀಲಮ್ಮ ಗಂಡನ ನೋಟ್‌ಬುಕ್ಕು ತೆಗೆದಳು. ಅದರಲ್ಲಿ ಹತ್ತು ಜನರ ನಂಬರುಗಳನ್ನು ಅವನು ಅಚ್ಚಿನ ಅಕ್ಷರದಲ್ಲಿ ಬರೆದಿಟ್ಟಿದ್ದ. ಒಬ್ಬೊಬ್ಬರಿಗೂ ಫೋನು ಮಾಡಿ, "ಥರ್ಸ್‌ಡೇ. ಒನ್ ಓ ಕ್ಲಾಕ್. ಯು ಕಮ್," ಎಂದಳು. ಹತ್ತು ಜನರಲ್ಲಿ ಒಬ್ಬನಿಗೂ ಕೆಲಸ ಇರಲಿಲ್ಲ. ಸ್ಟ್ಯಾನ್‌ನ ಫೋನು ಕಟ್ ಆಗಿತ್ತು. ಬದರೀನಾಥ ಹೋಗಿ ಹೇಳಿ ಬಂದ. ಚಿಕಾಗೋದ ಹತ್ತಿರ ನೇಪರ್‌ವಿಲ್‌ನಲ್ಲಿರುವ ಮಗನಿಗೂ ಹೇಳಿದಳು. "ಅವ್ವಾ, ಈ ವರ್ಷ ಬ್ಯಾಡ ಬಿಡು," ಎಂದ. "ಬ್ಯಾಡ ಅನ್ನಾಕ ನೀ ಅಲ್ಲ ಮಾಡಾವ, ನಾ ಮಾಡಾಕಿ," ಎಂದು ಫೋನು ಇಟ್ಟಳು.

ಸೋಮವಾರ, ಮಂಗಳವಾರ ರೊಟ್ಟಿ ಬಡಿದಳು. ಅರವತ್ತು ಗರಿಗರಿ ಕಟಕ ರೊಟ್ಟಿ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಒಟ್ಟಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ, ಹಿಟ್ಟು ನಾದುವಾಗ ಕುದಿಯುವ ಎಸರು ಹುಯ್ಯಲು ಹಿಂದೆ ಯಾರೂ ಇರಲಿಲ್ಲ. ಅದು ಗುರುಲಿಂಗಪ್ಪನ ಕೆಲಸವಾಗಿತ್ತು. ಒಂದು ಕೈಯಲ್ಲಿ ಹುಯ್ದುಕೊಂಡು ಇನ್ನೊಂದು ಕೈಯಲ್ಲಿ ನಾದಿದಳು. ಕೈ ಸುಟ್ಟಿತು. ಗುರೆಳ್ಳು ಪುಡಿ, ಶೇಂಗಾ ಪುಡಿ ಕುಟ್ಟಿದಳು. ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಆರಿಸಿ ತಂದಳು.

ಬುಧವಾರ ಸಂಜೆ ನಿರಂಜನ್ ಬಂದ. ಜೊತೆಗೆ ಸೊಸೆ ಸುಚೇತಾ, ಏಳು ವರ್ಷದ ಮೊಮ್ಮಗಳು ನಿಹಾರಿಕಾ, ಸುಚೇತಾಳ ತಾಯಿ ಜಯಾ. ಜಯಾ ಬೆಂಗಳೂರಿನ ಜಯನಗರದಾಕೆ, ಆರು ತಿಂಗಳಿಗೆಂದು ಮಗಳ ಮನೆಗೆ ಬಂದಿದ್ದಳು. ಅವಳ ಗಂಡ ಹೋಗಿ ಒಂಬತ್ತು ವರ್ಷ. ಬಾಗಿಲಲ್ಲೇ ರೊಟ್ಟಿಯ ಒಟ್ಟಿಲು ನೋಡಿ ನಿಂತಳು.

"ನೀಲಮ್ಮನವರೇ, ನೀವು ತಪ್ಪು ತಿಳ್ಕೋಬಾರ್ದು. ವರ್ಷ ತುಂಬದೆ ಹೀಗೆಲ್ಲಾ ಜನ ಸೇರ್ಸಿ ಮನೇಲಿ ಊಟ ಹಾಕಬಾರ್ದು ಅಂತಾರೆ. ನಮ್ಮೆಜಮಾನ್ರು ಹೋದಾಗ ನಾನು ಒಂದು ವರ್ಷ ರೂಮು ಬಿಟ್ಟು ಈಚೆಗೆ ಬರ್ಲಿಲ್ಲ. ತಂಗಿ ಮಗನ ಮದುವೇಗೂ ಹೋಗ್ಲಿಲ್ಲ."

"ನೀವು ಕೂತ್ರಿ ಅಂತ ನಾನೂ ಕೂಡಬೇಕೇನ್ರಿ ಜಯಕ್ಕಾರ? ನಿಮ್ಮನ್ನ ಕೂಡಿಸಿದವರಿಗೆ ಆಗ ಯಾರೂ ಬೈದಿಲ್ಲ. ಅದಕ್ಕ ಹೇಳಾಕ ಹತ್ತೀರಿ."

ಜಯಾ ಸೆರಗು ಹೊದ್ದು ಸೋಫಾದಲ್ಲಿ ಕೂತಳು. ನಿಹಾರಿಕಾ ನೀಲಮ್ಮನ ಮಗ್ಗುಲಿಗೆ ಬಂದು, ಕೈಯಲ್ಲಿದ್ದ ಕ್ಯಾಮೆರಾ ಒತ್ತಿ ತೋರಿಸಿದಳು. "ಅಜ್ಜಿ, ಲುಕ್, ಅವರ್ ಟ್ರೀ!"

ಕ್ಯಾಮೆರಾದಲ್ಲಿ ನೇಪರ್‌ವಿಲ್ ಮನೆಯ ಹಾಲ್. ಛಾವಣಿ ಮುಟ್ಟುವ ಕ್ರಿಸ್‌ಮಸ್ ಮರ, ಮೇಲಿಂದ ಕೆಳಗೆ ಲೈಟು. ಥ್ಯಾಂಕ್ಸ್‌ಗಿವಿಂಗ್‌ಗಿಂತ ಮೊದಲೇ ಕಟ್ಟಿ ಮುಗಿಸಿದ್ದರು. ಮರದ ಮಗ್ಗುಲಲ್ಲಿ ಜಯಾ. ತಲೆಯ ಮೇಲೆ ಬಿಳಿ ಗೊಂಡೆಯ ಕೆಂಪು ಟೋಪಿ.

ನೀಲಮ್ಮ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಕ್ಯಾಮೆರಾವನ್ನು ಜಯಾಳ ಮುಂದೆ ಹಿಡಿದಳು.

"ಇದಕ್ಕ ವರ್ಷ ತುಂಬೂದು ಬ್ಯಾಡೇನ್ರಿ?"

ಜಯಾ ಕೆಂಪಗಾದಳು. "ಮಗು ಹಾಕ್ಕೋ ಅಂತು..."

"ಅತ್ತೆ, ಅದು ನಮ್ಮ ಹಬ್ಬ ಅಲ್ವಲ್ಲ," ಎಂದಳು ಸುಚೇತಾ. "ಮಕ್ಕಳಿಗೋಸ್ಕರ, ಅಷ್ಟೆ."

"ನಮ್ಮ ಹಬ್ಬ ಅಲ್ಲ. ಹೌದಿಲ್ಲೋ? ಹಂಗಾದ್ರ ನಾ ಮಾಡೂ ಗುರುವಾರದ ಊಟಾನೂ ನಮ್ಮ ಹಬ್ಬ ಅಲ್ಲ. ನಿಮ್ಮ ಮನ್ಯಾಗ ಸತ್ತವರ ನೆನಪು ಬಾರದ್ದು ನನ್ನ ಮನ್ಯಾಗ ಯಾಕ ಬರಬೇಕು? ದೀಪಾವಳಿಗೆ ಕತ್ತಲದಾಗ ಕುಂದ್ರಿಸಿದ್ರಿ. ಕೂತೆ. ಇನ್ನ ಕೂಡೂದಿಲ್ಲ."

ನಿರಂಜನ್ ಬೂಟಿನ ದಾರ ಬಿಚ್ಚುತ್ತ ಬಹಳ ಹೊತ್ತು ಬಗ್ಗಿಯೇ ಇದ್ದ. ನೀಲಮ್ಮ ಗೆದ್ದೆ ಎಂದುಕೊಂಡಳು. ಬದನೆಕಾಯಿ ಹೆಚ್ಚಲು ಒಳಗೆ ಹೋದಳು.

ಗುರುವಾರ ಹನ್ನೆರಡಕ್ಕೆ ಎಲ್ಲ ತಯಾರು. ಹನ್ನೊಂದು ತಾಟು ಇಟ್ಟಳು. ಹತ್ತು ಬರುವವರಿಗೆ, ಒಂದು ಗುರುಲಿಂಗಪ್ಪನದು. ಅದರಲ್ಲಿ ಒಂದು ರೊಟ್ಟಿ ಇಟ್ಟು ಮುಚ್ಚಿದಳು. ಬದರೀನಾಥ ಪ್ರತಿ ವರ್ಷ ಅರ್ಧ ಗಂಟೆ ಮೊದಲೇ ಬರುವವನು, ಬಂದವನೇ ಒಲೆಯ ಮುಂದೆ ನಿಂತು ಎಣ್ಣೆಗಾಯಿಯ ಮುಚ್ಚಳ ತೆಗೆಯುವವನು. ಹನ್ನೆರಡೂವರೆಯಾಯಿತು. ಬರಲಿಲ್ಲ. ಒಂದು ಗಂಟೆಯಾಯಿತು. ಮನೆಯ ಮುಂದಿನ ಡ್ರೈವ್‌ವೇಯಲ್ಲಿ ನಿರಂಜನ್‌ನ ಕಾರು ಬಿಟ್ಟರೆ ಇನ್ನೊಂದಿಲ್ಲ. ನೀಲಮ್ಮ ಕಿಟಕಿಗೆ ಹೋದಳು, ಒಲೆಗೆ ಬಂದಳು, ಮತ್ತೆ ಕಿಟಕಿಗೆ ಹೋದಳು. ಎದುರಿನ ಎರಡು ಮನೆ ಬೇಸಿಗೆಯಿಂದ ಖಾಲಿ, ಬಾಗಿಲಿಗೆ ಬ್ಯಾಂಕಿನವರ ಕಾಗದ ಅಂಟಿಸಿದೆ. ನೋಡಲು ಅಷ್ಟೇ ಇತ್ತು. ಒಳಗೆ ಟೀವಿಯಲ್ಲಿ ಡೆಟ್ರಾಯಿಟಿನವರ ಫುಟ್‌ಬಾಲು. ನಿರಂಜನ್ ಅದರಿಂದ ಕಣ್ಣು ತೆಗೆಯಲಿಲ್ಲ.

"ಬರ್ತಾರೇನೋ ಅವ್ವಾ, ಬರದಿದ್ರ ನಾವ ಉಣ್ಣೂಣು," ಎಂದ.

ಎರಡಕ್ಕೆ ಹದಿನೈದು ನಿಮಿಷ ಇದ್ದಾಗ ಫೋನು ಬಂತು. ಬದರೀನಾಥ.

"ಅಕ್ಕಾ, ಹೇಗಿದೀರಾ? ಜ್ವರ ಇಳೀತಾ?"

"ಯಾರಿಗೆ ಜ್ವರ?"

"ನಿಮಗೇ. ನಿರಂಜನ್ ಮಂಗಳವಾರ ಫೋನ್ ಮಾಡಿದ್ನಲ್ಲ. ಅಮ್ಮಂಗೆ ತುಂಬ ಜ್ವರ, ಊಟ ಕ್ಯಾನ್ಸಲ್, ಎಲ್ರಿಗೂ ಹೇಳ್ಬಿಡಿ ಅಂಕಲ್, ಅಮ್ಮನ್ನ ಎಬ್ಬಿಸ್ಬೇಡಿ ಅಂದ. ನಾನು ಎಲ್ರಿಗೂ ಹೇಳ್ದೆ. ಸ್ಟ್ಯಾನ್ ಮನೆಗೆ ಮತ್ತೆ ಹೋಗಿ ಹೇಳ್ದೆ. ಎಬ್ಬಿಸ್ಬಾರ್ದು ಅಂತ ಇಷ್ಟು ಹೊತ್ತು ತಡ್ಕೊಂಡಿದ್ದೆ. ಯಾಕಕ್ಕಾ?"

ನೀಲಮ್ಮ ಟೀವಿಯ ಮುಂದೆ ಕೂತ ಮಗನ ಬೆನ್ನು ನೋಡಿದಳು. ಆಮೇಲೆ ಕೇಳಿದಳು. "ನೀ ಏನ ಉಂಡಿ?"

"ನಾನಾ? ನೂಡಲ್ಸ್ ಮಾಡ್ಕೊಂಡೆ."

"ಚೆಲ್ಲು ಅದನ್ನ. ಎಲ್ಲಾರಿಗೂ ಫೋನ್ ಮಾಡಿ ಎಬ್ಬಿಸಿಕೊಂಡು ಬಾ. ಸ್ಟ್ಯಾನ್‌ನ ನಾ ಕರಕೊಂಡ ಬರ್ತೀನಿ."

ಫೋನು ಇಟ್ಟು ಹಾಲಿಗೆ ಬಂದು ಟೀವಿ ಆರಿಸಿದಳು. ನಿರಂಜನ್ ತಲೆ ಎತ್ತಿದ. ಅವಳ ಮುಖ ನೋಡಿದ ಮೇಲೆ ಅವನಿಗೆ ಏನನ್ನೂ ಕೇಳಬೇಕಾಗಲಿಲ್ಲ.

"ಅವ್ವಾ, ಲಿಸನ್..."

"ನಂಗ ಜ್ವರ ಯಾವಾಗ ಬಂತೋ?"

"ಜನಾ ಮಾತಾಡ್ತಾರವ್ವಾ. ಅಪ್ಪ ಹೋಗಿ ಎಂಟು ತಿಂಗಳಾಗಿಲ್ಲ, ಮನ್ಯಾಗ ಪಾರ್ಟಿ ಅಂತ..."

"ಮರಾ ಕಟ್ಟೂವಾಗ ಆ ಜನಾ ಇರಲಿಲ್ಲೇನು? ಖರೇ ಹೇಳು. ನಾ ಹೆತ್ತಾಕಿ ಅದೇನಿ. ಖರೇ ಹೇಳು."

ನಿರಂಜನ್ ಕೈಯಲ್ಲಿದ್ದ ರಿಮೋಟ್ ಕೆಳಗಿಟ್ಟ. ಮೂವತ್ತೆರಡು ವರ್ಷದ ಗಂಡಸು, ಅವಳ ಕಡೆ ನೋಡದೆ ಹೇಳಿದ.

"ನಂಗ ಅವರನ್ನ ನೋಡಾಕ ಹೆದರಿಕಿ ಆಗ್ತೈತಿ. ನಮ್ಮ ಆಫೀಸ್‌ನಾಗ ಪ್ರತಿ ಶುಕ್ರವಾರ ಇಬ್ಬರನ್ನೋ ಮೂವರನ್ನೋ ಕೆಲಸದಿಂದ ತಗದ ಕಳಸ್ತಾರ. ತಮ್ಮ ಸಾಮಾನಿನ ಡಬ್ಬಿ ಹಿಡಕೊಂಡು ಹೋಗ್ತಾರ. ಅಪ್ಪಗೂ ಹಂಗ ಆತು. ಇಲ್ಲಿ ಆ ಹತ್ತು ಮಂದಿ ನಡುವ ಕೂತು, ಹೌ ಈಸ್ ವರ್ಕ್ ಅಂತ ಅವರು ಕೇಳಿದ್ರ ನಾ ಏನ ಹೇಳಲಿ? ಮುಂದಿನ ವರ್ಷ ಹನ್ನೊಂದನೇ ತಾಟು ನಂದಾ ಇರ್ತೈತಿ ಅನಸ್ತೈತಿ."

ಸುಚೇತಾ ಅವನ ಕಡೆ ತಿರುಗಿದಳು. ಇದು ಅವಳಿಗೂ ಹೊಸದು.

ನೀಲಮ್ಮನಿಗೆ ಮಗನ ಮೇಲೆ ಮರುಕ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ, ಇನ್ನೂ ಏರಿತು.

"ಹೆದರಿಕಿ ಆದ್ರ ಹೆದರಿಕಿ ಅಂತ ಅನ್ನು. ಸತ್ತ ಅಪ್ಪನ್ನ ಯಾಕ ಮುಂದ ಮಾಡಿದಿ? ನಂಗ್ಯಾಕ ಜ್ವರ ಬರಿಸಿದಿ? ಕೆಲಸಾ ಹೋದವರೇನು ಸಿಡುಬು ಬಂದವರಾ, ಹತ್ತಿರ ಬಂದ್ರ ಹತ್ತಾಕ? ಎಂಬತ್ತೆರಡರಾಗ ನಿಮ್ಮಪ್ಪಗೆ ಕೆಲಸಾ ಇರಲಿಲ್ಲ. ಕೂಟದವರು ಒಬ್ಬರೂ ಬಾಗಿಲಿಗೆ ಬರಲಿಲ್ಲ. ಕೋಳಿ ಹಿಡಕೊಂಡು ಬಂದಾವ ಆ ಸ್ಟ್ಯಾನ್ ಒಬ್ಬನ. ನೀ ಅವನ ತೊಡಿ ಮ್ಯಾಲೆ ಕೂತು ಉಂಡೀದಿ. ಅವಗ ಇವತ್ತು ಬಾಗಲಾ ಹಾಕಿದಿ."

ಜಯಾ ಎದ್ದು ನಿಂತಳು. "ನೀಲಮ್ಮನವರೇ, ಸಮಾಧಾನ ಮಾಡ್ಕೊಳಿ. ಅವನು ಹೇಳಿದ ರೀತಿ ತಪ್ಪಿರಬಹುದು. ಆದ್ರೂ ಮನೆಯೊಳಗೆ ಊಟ ಹಾಕದೇ ಇದ್ದದ್ದು..."

"ಮನಿಯೊಳಗ ಹಾಕಬಾರದು. ಅಷ್ಟ ಹೌದಲ್ರಿ?"

"ಹೌದು. ಮನೆಯೊಳಗೆ ಕೂಡದು."

"ಆತು ಬಿಡ್ರಿ."

ನೀಲಮ್ಮ ಅಡುಗೆಮನೆಯ ಹಿಂದಿನ ಬಾಗಿಲು ತೆಗೆದು ಗರಾಜಿಗೆ ಇಳಿದಳು. ಗೋಡೆಯ ಬಟನ್ ಒತ್ತಿದಳು. ದೊಡ್ಡ ಬಾಗಿಲು ಗಡಗಡ ಮೇಲೆದ್ದಿತು. ಹೊರಗಿನ ಕೊರೆಯುವ ಚಳಿ ಒಳಗೆ ನುಗ್ಗಿತು. ಗುರುಲಿಂಗಪ್ಪನ ಸುತ್ತಿಗೆ, ಅರ, ಸ್ಪ್ಯಾನರುಗಳು ಗೋಡೆಯ ಮೇಲೆ ಅವನು ಬರೆದ ಗೆರೆಗಳೊಳಗೆ ತೂಗುತ್ತಿದ್ದವು. ಕ್ಯಾಲಿಪರಿನ ಗೆರೆ ಮಾತ್ರ ಖಾಲಿ.

"ಇದು ಮನಿ ಅಲ್ಲ," ಎಂದು ಒಳಗಿನವರಿಗೆ ಕೇಳುವ ಹಾಗೆ ಹೇಳಿದಳು. "ಇಷ್ಟು ವರ್ಷ ಕೋಳಿ ಉಂಡ ಜಾಗಾ. ಇಲ್ಲಿಗೆ ಯಾರ ಪದ್ಧತೀನೂ ಬರೂದಿಲ್ಲ. ಸುಚೇತಾ, ನಾ ಗಾಡಿ ತಗದ ಮ್ಯಾಲೆ ಟೇಬಲ್ ಬಿಚ್ಚಿ ಹಾಕು. ಹೀಟರ್ ಹಚ್ಚು. ನಿರಂಜನ, ತಾಟು ಹೊರಗ ತಾ. ಹನ್ನೊಂದೂ ತಾ."

"ನಾ ಡ್ರೈವ್ ಮಾಡ್ತೀನವ್ವಾ," ಎಂದ ನಿರಂಜನ್.

"ನೀ ಬ್ಯಾಡ. ನಿಂಗ ಬ್ಯಾರೆ ಕೆಲಸಾ ಐತಿ."

ಮಿಷಿಗನ್ ಅವೆನ್ಯೂ ಹಿಡಿದು ಸ್ಟ್ಯಾನ್ ಇರುವ ವೇಯ್ನ್ ಊರಿಗೆ ಏಳು ಮೈಲಿ. ಫ್ರೀವೇ ಬೇಕಾಗಿಲ್ಲ. ದಾರಿಯ ಎರಡೂ ಕಡೆ ಮುಚ್ಚಿದ ಅಂಗಡಿಗಳು, ಕಾರೇ ಇಲ್ಲದ ಕಾರಿನ ಶೋರೂಮು. ಅದರ ಕಂಬಗಳಿಗೆ ಮಾತ್ರ ಊರಿನವರು ಕ್ರಿಸ್‌ಮಸ್ಸಿನ ಕೆಂಪು ರಿಬ್ಬನ್ ಕಟ್ಟಿದ್ದರು. ನೀಲಮ್ಮ ದಾರಿಯುದ್ದಕ್ಕೂ ಬೈಯುತ್ತ ಓಡಿಸಿದಳು. ಮಗನಿಗೆ, ನಿರುಪಮಾಳ ಬಟ್ಟಲಿಗೆ, ಸರಪಳಿ ಹಾಕಿದವರಿಗೆ ಬೈದಳು. ಕೊನೆಗೆ ಹೇಳದೆ ಕೇಳದೆ ಹೋದ ಗುರುಲಿಂಗಪ್ಪನಿಗೂ ಬೈದಳು. ಒಂದು ಕೆಂಪು ದೀಪದ ಹತ್ತಿರ ಅತ್ತಳು. ಹಸಿರು ಬಂದ ಕೂಡಲೇ ಅಳು ನಿಲ್ಲಿಸಿದಳು.

ಸ್ಟ್ಯಾನ್ ಬಾಗಿಲು ತೆಗೆದ. ಎಪ್ಪತ್ತು ದಾಟಿದ ಎತ್ತರದ ಆಳು, ಮನೆಯೊಳಗೇ ಕೋಟು ಹಾಕಿಕೊಂಡಿದ್ದ. ಹಿಂದೆ ಸಿಂಕಿನಲ್ಲಿ ಒಂದು ಟರ್ಕಿ ನೀರಿನಲ್ಲಿ ಮುಳುಗಿತ್ತು. ಚರ್ಚಿನವರು ಬೆಳಿಗ್ಗೆ ಕೊಟ್ಟದ್ದು, ಹಿಮಗಟ್ಟಿದ್ದು ಇನ್ನೂ ಕರಗದೆ ಕಲ್ಲಿನ ಹಾಗೆ ಗಟ್ಟಿ.

"ನೀಲಾ! ಯು ಆರ್ ನಾಟ್ ಸಿಕ್?"

"ನೋ ಸಿಕ್. ಆಂಗ್ರಿ. ಕಮ್."

ಅವನು ಕೋಳಿಯ ಕಡೆ ಕೈ ತೋರಿಸಿದ. ಅವಳು ತಲೆ ಅಲ್ಲಾಡಿಸಿ ಅದು ಅಲ್ಲೇ ಇರಲಿ ಎಂದಳು. ಅವನು ಬೆಳಿಗ್ಗೆ ಕಟ್ಟಿಕೊಂಡಿದ್ದ ಟೈ ಸರಿ ಮಾಡಿಕೊಂಡು ಬಂದ. ಟೈ ಯಾಕೆ ಕಟ್ಟಿಕೊಂಡಿದ್ದ ಎಂದು ಅವಳು ಕೇಳಲಿಲ್ಲ. ಪ್ರತಿ ವರ್ಷ ಈ ಊಟಕ್ಕೆ ಅವನು ಅದೇ ಟೈ ಕಟ್ಟಿ ಬರುತ್ತಿದ್ದ. ಈ ವರ್ಷ ಊಟ ಇಲ್ಲ ಎಂದ ಮೇಲೂ ಕಟ್ಟಿದ್ದ.

ಮೂರು ಗಂಟೆಗೆ ಗರಾಜಿನಲ್ಲಿ ಒಂಬತ್ತು ಜನ ಸೇರಿದ್ದರು. ಒಬ್ಬ ಮಾತ್ರ ಊರು ಬಿಟ್ಟು ಅಕ್ಕನ ಮನೆಗೆ ಹೋಗಿದ್ದ. ಸುಚೇತಾ ಎರಡು ಟೇಬಲ್ ಜೋಡಿಸಿ, ಮೇಲೆ ತನ್ನದೇ ಶಾಲು ಹಾಸಿದ್ದಳು. ಕೋಳಿ ಇರಲಿಲ್ಲ. ಆ ಜಾಗಕ್ಕೆ ಮೊದಲ ಸಲ ರೊಟ್ಟಿ ಬಂದಿತ್ತು. ಬದರೀನಾಥ ಬಂದವನೇ ಎಣ್ಣೆಗಾಯಿಯ ಮುಚ್ಚಳ ತೆಗೆದ. "ಅಕ್ಕಾ, ಇವತ್ತು ನನಗೆ ಒಂದೇ ಜಾತಿ," ಎಂದ. ಯಾರೂ ನಗಲಿಲ್ಲ. ಎಲ್ಲರೂ ನೀಲಮ್ಮನ ಮುಖ ನೋಡುತ್ತಿದ್ದರು.

ನೀಲಮ್ಮ ಸೌಟು ಹಿಡಿದು ನಿಂತಳು. ಬಡಿಸಲಿಲ್ಲ.

"ನಿರಂಜನ. ನನಗ ಜ್ವರ ಇತ್ತೋ ಇಲ್ಲೋ, ಇವರಿಗೆ ಹೇಳು. ನನಗ ಅಷ್ಟು ಇಂಗ್ಲಿಷ್ ಬರೂದಿಲ್ಲ."

ಅದು ಸುಳ್ಳು. ಅಷ್ಟು ಇಂಗ್ಲಿಷು ಅವಳಿಗೆ ಬರುತ್ತಿತ್ತು.

ನಿರಂಜನ್ ತಂದೆಯ ತಾಟಿನ ಹಿಂದೆ ನಿಂತಿದ್ದ. ಮೊದಲು ನೆಲ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ. ಅಮ್ಮನಿಗೆ ಜ್ವರ ಇರಲಿಲ್ಲ, ನಾನು ಸುಳ್ಳು ಹೇಳಿದೆ. ನನ್ನ ಕೆಲಸವೂ ಹೋಗುತ್ತದೆ ಎಂದು ಹೆದರಿಕೆ, ನಿಮ್ಮ ಮುಖ ನೋಡಲು ಆಗಲಿಲ್ಲ. ಐ ಆಮ್ ಸಾರಿ.

ಹೀಟರ್ ಬುಸ್ ಎನ್ನುತ್ತಿತ್ತು. ಸ್ಟ್ಯಾನ್ ಅವನನ್ನು ಒಂದು ಕ್ಷಣ ನೋಡಿ, ತನ್ನ ಮಗ್ಗುಲಿನ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿದ. "ಸಿಟ್," ಎಂದ. ಆಮೇಲೆ ರೊಟ್ಟಿ ಮುರಿಯುತ್ತ, ಕೆಲಸ ಹೋದ ಮೇಲೂ ಒಂದು ವಾರ ತಾನು ಊಟದ ಡಬ್ಬಿ ಹಿಡಿದುಕೊಂಡು ಹೋಗಿ ಸರಪಳಿ ಹಾಕಿದ ಶಾಪಿನ ಮುಂದೆ ಕಾರಿನಲ್ಲಿ ಕೂತು ಬರುತ್ತಿದ್ದೆ ಎಂದ. ಇನ್ನೊಬ್ಬ, ನಾನು ಎರಡು ವಾರ, ಎಂದ. ಆಗ ನಗು ಬಂತು. ನೀಲಮ್ಮ ಬಡಿಸಲು ಶುರು ಮಾಡಿದಳು. ಮಗನಿಗೂ ಬಡಿಸಿದಳು, ಎಲ್ಲರಿಗಿಂತ ಕೊನೆಗೆ.

ಜಯಾ ಅಡುಗೆಮನೆ ಮತ್ತು ಗರಾಜಿನ ನಡುವಿನ ಮೆಟ್ಟಿಲ ಮೇಲ್ಗಡೆ, ಹೊಸ್ತಿಲಲ್ಲಿ ನಿಂತಿದ್ದಳು. ಒಳಗೂ ಇಲ್ಲ, ಹೊರಗೂ ಇಲ್ಲ. ಬಹಳ ಹೊತ್ತು ಹಾಗೇ ನಿಂತಳು. ಆಮೇಲೆ ಕೇಳಿದಳು.

"ನೀಲಮ್ಮನವರೇ, ಬಿಸಿನೀರು ಸಾಕಾ? ನಾಳೆಗೆ ಇನ್ನೊಂದಿಷ್ಟು ರೊಟ್ಟಿ ತಟ್ಟೋದಾದ್ರೆ ನಾನು ನೀರು ಹಾಕಿಕೊಡ್ಲಾ?"

ನೀಲಮ್ಮ ಅವಳನ್ನು ನೋಡಿದಳು. ಸುಟ್ಟ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಮೊದಲ ಕೂತು ಉಣ್ರಿ. ನಿಂತು ಉಣ್ಣಬಾರದು. ಅದು ಪದ್ಧತಿ," ಎಂದಳು.

ಜಯಾ ಮೆಟ್ಟಿಲು ಇಳಿದು ಬಂದಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬದರೀನಾಥ ಸ್ಟ್ಯಾನ್‌ನನ್ನು ಕರೆತಂದ. ಸ್ಟ್ಯಾನ್ ಏಣಿ ಹತ್ತಿದ, ನಿರಂಜನ್ ಕೆಳಗೆ ಹಿಡಿದುಕೊಂಡ. ಗುರುಲಿಂಗಪ್ಪ ಲೈಟಿನ ಸರಗಳನ್ನು ಗಂಟಾಗದ ಹಾಗೆ ರಟ್ಟಿಗೆ ಸುತ್ತಿ, ಒಂದೊಂದರ ಮೇಲೂ ಯಾವುದು ಎಲ್ಲಿಗೆ ಎಂದು ಬರೆದಿಟ್ಟಿದ್ದ. ನಿಹಾರಿಕಾ ಓದಿ ಓದಿ ಹೇಳಿದಳು. ಒಂದೂ ತಪ್ಪಲಿಲ್ಲ.

ಕತ್ತಲಾಗುವ ಹೊತ್ತಿಗೆ ಲೈಟು ಹಚ್ಚಿದರು. ಹತ್ತು ನಿಮಿಷಕ್ಕೆ ಫೋನು ಬಂತು. ನಿರುಪಮಾ.

"ಆಂಟಿ, ಈಗ ನಿಮ್ಮ ಏರಿಯಾ ದಾಟ್ಕೊಂಡು ಬಂದ್ವಿ. ನಿಮ್ಮನೆ ಮುಂದೆ ಲೈಟ್ಸ್ ನೋಡಿದ್ವಿ. ಯಾರೋ ಗೊತ್ತಿಲ್ದೆ ಹಾಕಿರ್ಬೇಕು ಅಂದ್ಕೊಂಡೆ. ಇನ್ನೂ ವರ್ಷ ತುಂಬಿಲ್ವಲ್ಲ ನಿಮಗೆ."

"ಗೊತ್ತಿದ್ದ ಹಾಕೀನಿ. ನಿಮ್ಮ ಕಾರಿಗೆ ಕಾಣ್ಲಿ ಅಂತನ ಹಾಕೀನಿ. ಬರೂ ವಾರ ಬರ್ರಿ, ಚಾ ಕುಡೀರಿ. ಬರೂವಾಗ ಆ ಕುಂಕುಮದ ಬಟ್ಟಲಾ ತಗೊಂಡ ಬರ್ರಿ."

ಫೋನು ಇಟ್ಟು ಹೊರಗೆ ಬಂದಳು. ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಸರ ಉಳಿದಿತ್ತು. ಸ್ಟ್ಯಾನ್ ಏಣಿ ಮಡಚುತ್ತಿದ್ದ. ಮಡಚಬೇಡ ಎಂದು ಕೈ ತೋರಿಸಿದಳು. ಅದನ್ನೂ ಹಾಕಿಸಿದಳು.